ಲಿಂಡನ್ ಮರದ ಎರಡು ಕಣ

ಮಾರ್ಚ್ 12, ರಾತ್ರಿ

ಇವತ್ತು 412ಕ್ಕೆ ಲೆಕ್ಕ ತಪ್ಪಿತು. ಹಿಂದೆ ಕಾಡಿನಲ್ಲಿ ಯಾವ ಮರ ಎಷ್ಟಿತ್ತು ಅಂತ ತಿಳಿಯೋಕೆ ಜೌಗಿನ ಪೀಟ್ ಮಣ್ಣಿನ ಒಂದೊಂದು ಪದರಕ್ಕೆ 500 ಪರಾಗದ ಕಣ ಎಣಿಸಬೇಕು, ಇನ್ನು 88 ಇತ್ತು, ಅಷ್ಟರಲ್ಲಿ ಅಮ್ಮನ ಫೋನ್. ಮಾತು ಮುಗಿಸಿ ಬಂದರೆ ಕೌಂಟರಿನಲ್ಲಿ ಅಂಕಿ ಇದೆ, ಸ್ಲೈಡಿನಲ್ಲಿ ಯಾವ ಸಾಲಿನಲ್ಲಿದ್ದೆ ಅನ್ನೋದು ಮರೆತೇ ಹೋಗಿದೆ.

"ಇನ್ನೂ ಅದನ್ನೇ ಎಣಿಸ್ತಿದ್ದೀಯಾ? ಹೋದ ವಾರವೂ ಅದೇ ಅಂದಿದ್ದೆ."

ಅದು ಬೇರೆ ಅಮ್ಮಾ, ಇದಕ್ಕಿಂತ 10 ಸೆಂಟಿಮೀಟರ್ ಮೇಲಿನದು, ನೂರಕ್ಕೂ ಜಾಸ್ತಿ ವರ್ಷ ಈಚಿನದು ಅಂದೆ. ಇದು ಸುಮಾರು 6,000 ವರ್ಷ ಹಳೇದು ಅಂತಲೂ ಸೇರಿಸಿದೆ, ಸ್ವಲ್ಪ ಜಂಬದಿಂದಲೇ.

"ಅಷ್ಟು ವರ್ಷ ಕೊಳೀಲಿಲ್ವಾ?"

ಪೀಟ್ ಅಂದರೆ ಅರ್ಧ ಕೊಳೆತು ನಿಂತ ಪಾಚಿ, ಹುಲ್ಲು. ಯಾವಾಗಲೂ ನೀರಿನಲ್ಲಿ ಮುಳುಗಿರುತ್ತದೆ, ಗಾಳಿ ಆಡುವುದಿಲ್ಲ, ಮೇಲೆ ಹುಳಿ ಬೇರೆ. ಕೊಳೆಸುವ ಜೀವಿಗಳಿಗೆ ಅಲ್ಲಿ ಬಾಳು ಕಷ್ಟ. ಪರಾಗದ ಹೊರಗೋಡೆಯಂತೂ ಭಾರಿ ಗಟ್ಟಿ: ಮರಳು ಕರಗಿಸಲು ನಾವು ಹಾಕುವ ಹೈಡ್ರೋಫ್ಲೋರಿಕ್ ಆಸಿಡ್ಡಿಗೂ ಅದು ಜಗ್ಗುವುದಿಲ್ಲ. ಇದನ್ನೆಲ್ಲ ಹೇಳಿದೆ. ಅಮ್ಮ ಹೂಂಗುಟ್ಟಿದಳು. ಆಮೇಲೆ ಕೇಳಿದಳು ನೋಡಿ,

"ಗಾಳಿಗೆ ಹಾರಿದ್ದು ಬಂದು ಬೀಳತ್ತೆ, ಸರಿ. ಜೇನುಹುಳ ಹೊತ್ತುಕೊಂಡು ಹೋಗಿದ್ದು ನಿನ್ನ ಕೆಸರಿಗೆ ಯಾಕೆ ಬೀಳತ್ತೆ?"

ನನಗೆ ಇದು ತಲೆಗೆ ಹೋಗಲು ಒಂದು ವರ್ಷ ಬೇಕಾಗಿತ್ತು!

ಇವತ್ತಿನ ಸ್ಲೈಡನ್ನೇ ತಗೊಳ್ಳಿ. ಎಲ್ಲಿ ನೋಡಿದರೂ ಪೈನ್. ಎರಡು ಗಾಳಿಚೀಲ ಕಟ್ಟಿಕೊಂಡ ಆ ಕಣ ನೂರಾರು ಕಿಲೋಮೀಟರ್ ಹಾರಿ ಬರಬಲ್ಲದು, ಜೌಗಿನ ಪಕ್ಕ ಒಂದೇ ಒಂದು ಪೈನ್ ಮರ ಇಲ್ಲದಿದ್ದರೂ. ಲಿಂಡನ್ ಸಿಕ್ಕಿದ್ದು ಎರಡೇ. ಚಪ್ಪಟೆ ಬಿಲ್ಲೆ, ಅಂಚಿನಲ್ಲಿ ಮೂರು ಸಣ್ಣ ಗುಳಿ, ನಾವು ಹಾಕುವ ಸಫ್ರಾನಿನ್ ಅನ್ನೋ ಕೆಂಪು ಬಣ್ಣ ಹೀರಿ ಗುಲಾಬಿಗೆ ತಿರುಗಿತ್ತು. ಎಷ್ಟು ಚೆಂದ ಇತ್ತು ಅಂದರೆ ಎಣಿಸುವುದನ್ನು ಬಿಟ್ಟು ಸುಮ್ನೆ ನೋಡುತ್ತಾ ಕೂತೆ. ಇದರ ಕೆಲಸ ಹೆಚ್ಚಾಗಿ ಹುಳಗಳ ಕೈಯಲ್ಲಿ. ಹಾಗಾಗಿ ಕಾಡಿನಲ್ಲಿ ಎಷ್ಟೇ ಲಿಂಡನ್ ಇದ್ದರೂ ಪೀಟ್‌ಗೆ ಬಂದು ಸೇರುವುದು ಕಮ್ಮಿ.

1916ರಲ್ಲಿ ಸ್ವೀಡನ್ನಿನ ಭೂವಿಜ್ಞಾನಿ ಲೆನ್ನಾರ್ಟ್ ಫಾನ್ ಪೋಸ್ಟ್ ಪರಾಗದ ಶೇಕಡಾ ಲೆಕ್ಕವನ್ನು ನಕ್ಷೆ ಮಾಡಿ ತೋರಿಸಿದ. ಶೇಕಡಾ ಅಂದಮೇಲೆ ಒಂದು ಮರದ ಗದ್ದಲ ಜಾಸ್ತಿಯಾದರೆ ಉಳಿದವೆಲ್ಲ ತಾನಾಗೇ ಕಮ್ಮಿ ಕಾಣುತ್ತವೆ, ಅಲ್ವಾ? 1970ರಲ್ಲಿ ಡೆನ್ಮಾರ್ಕಿನ ಪರಾಗತಜ್ಞ ಆಂಡರ್ಸನ್ ಇದಕ್ಕೊಂದು ತಿದ್ದುಪಡಿ ಕೊಟ್ಟ: ಪೈನ್, ಓಕ್‌ಗಳನ್ನು ನಾಲ್ಕರಿಂದ ಭಾಗಿಸಿ, ಲಿಂಡನ್ನನ್ನು ಎರಡರಿಂದ ಗುಣಿಸಿ. ಡೆನ್ಮಾರ್ಕಿನ ಕಾಡು ನೋಡಿ ಮಾಡಿದ ಲೆಕ್ಕ ಅದು, ಎಲ್ಲ ಕಡೆ ಹೊಂದುವುದಿಲ್ಲ.

ಅಮ್ಮನಿಗೆ ಅದನ್ನೇ ಹೇಳಿದೆ, ಗುಣಿಸ್ತೀವಿ ಅಂತ.

"ಒಂದೂ ಸಿಗದ ಮರವನ್ನ?"

ಕುಕ್ಕರ್ ಕೂಗಿತು ಅಂತ ಫೋನ್ ಇಟ್ಟಳು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಬೀಜವೋ ಎಲೆಯೋ ಪೀಟ್‌ನಲ್ಲಿ ಸಿಕ್ಕರೆ ಆ ಮರ ಇತ್ತು ಅಂತ ಹೇಳಬಹುದು, ಅದೂ ಸಿಗದೇ ಹೋದರೆ

ನಿದ್ದೆ ಬರ್ತಿದೆ. ನಾಳೆ ಮತ್ತೆ ಮೊದಲ ಸಾಲಿನಿಂದ.