ಲಿಂಟಲ್ ಮಟ್ಟದ ತಪಾಸಣೆ

ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು ಕಿಟಕಿಗಳ ಮೇಲೆ ಹಾಕುವ ಅಡ್ಡತೊಲೆಯ ಮಟ್ಟಕ್ಕೆ ಎದ್ದಿತ್ತು. ಮನೆ ಸಾಲದ ಮುಂದಿನ ಕಂತಿಗಾಗಿ ಬ್ಯಾಂಕಿನ ಕಡೆಯ ಇಂಜಿನಿಯರ್ ಬಂದರು. ಚಾವಣಿಯ ಸ್ಲ್ಯಾಬಿಗೆಂದು ತರಿಸಿದ ಕಂಬಿ, ಸಿಮೆಂಟ್ ಚೀಲ ಎದುರಿಗೇ ಪೇರಿಸಿಟ್ಟಿದ್ದರೂ ಅವರು ಅತ್ತ ನೋಡಲಿಲ್ಲ. ಟೇಪು ಹಿಡಿದದ್ದು ಗೋಡೆಗೆ, ಫೋಟೊ ತೆಗೆದದ್ದು ಲಿಂಟಲ್‌ಗಳಿಗೆ. ಸ್ನಾನದ ಮನೆಯ ಒಳಗೋಡೆಯ ಒಂದೇ ಒಂದು ಲಿಂಟಲ್ ಬಾಕಿಯಿತ್ತು. ಅಷ್ಟಕ್ಕೇ ಹಂತ ಪೂರ್ಣಗೊಂಡಿಲ್ಲ ಎಂದು ಬರೆದುಕೊಂಡು ಹೋದರು. ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕಂತು ಸಿಗುವುದು ಕಟ್ಟಿ ನಿಂತ ಕೆಲಸಕ್ಕೆ, ತಂದಿಟ್ಟ ಸಾಮಾನಿಗಲ್ಲ.

ಸ್ವಂತ ಉಸ್ತುವಾರಿಯಲ್ಲಿ ಕಟ್ಟಿಸುವವರ ಕೆಲಸ ನಿಲ್ಲುವುದು ಹೆಚ್ಚಾಗಿ ಇಂಥ ಕಡೆಯೇ. ಸಾಲ ಮಂಜೂರಾಗಿರುತ್ತದೆ, ಆದರೆ ಈ ವಾರದ ಕೂಲಿಗೆ ದುಡ್ಡಿರುವುದಿಲ್ಲ. ಅದಕ್ಕೇ ಮೊದಲ ದಿನವೇ ಕೂತು, ಯಾವ ಹಂತಕ್ಕೆ ಎಷ್ಟು ಕೈಯಿಂದ ಹಾಕಬೇಕು, ಅದು ಯಾವಾಗ ವಾಪಸು ಬರುತ್ತದೆ ಎಂದು ವಾರವಾರದ ಪಟ್ಟಿ ಬರೆಯಬೇಕು. ಅತಿ ದುಬಾರಿ ಹಂತದ ಪೂರ್ತಿ ಖರ್ಚು, ಜೊತೆಗೆ ತಪಾಸಣೆಗೆ ಕಾಯುವ ಮೂರು ನಾಲ್ಕು ವಾರದ ಕೂಲಿ: ಇಷ್ಟು ನಗದು ಕೈಯಲ್ಲಿಲ್ಲದೆ ತಳಪಾಯ ತೋಡಿಸಬಾರದು.

ಅತಿ ದುಬಾರಿ ಹಂತ ಸಾಮಾನ್ಯವಾಗಿ ಸ್ಲ್ಯಾಬು. 100 ಚದರ ಮೀಟರಿನ, 12.5 ಸೆಂ.ಮೀ. ದಪ್ಪದ ಸ್ಲ್ಯಾಬಿಗೆ 12.5 ಘನ ಮೀಟರ್ ಕಾಂಕ್ರೀಟ್ ಬೇಕು. ಸಿಮೆಂಟು, ಮರಳು, ಜಲ್ಲಿ 1:1.5:3 ಮಿಶ್ರಣವಾದರೆ 50 ಕೆ.ಜಿ.ಯ ಸುಮಾರು 100 ಚೀಲ ಸಿಮೆಂಟು, ಹೆಚ್ಚುಕಡಿಮೆ 1 ಟನ್ ಕಂಬಿ. ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರುವ ಹಲಗೆ, ಆಸರೆ ಕಂಬಗಳ (ಸೆಂಟ್ರಿಂಗ್) ಬಾಡಿಗೆ ಬೇರೆ. ಗೋಡೆಯನ್ನಾದರೆ ಅರ್ಧಕ್ಕೆ ನಿಲ್ಲಿಸಿ ದುಡ್ಡು ಬಂದ ಮೇಲೆ ಮುಂದುವರಿಸಬಹುದು. ಸ್ಲ್ಯಾಬನ್ನು ಹಾಗೆ ಮನಸ್ಸಿಗೆ ಬಂದಲ್ಲಿ ನಿಲ್ಲಿಸಿದರೆ ಹಳೆಯ ಹೊಸ ಕಾಂಕ್ರೀಟು ಬೆಸೆಯದೆ ಅಲ್ಲೇ ನೀರು ಸೋರುತ್ತದೆ. ಸೆಂಟ್ರಿಂಗ್ ಮಟ್ಟ ತಪ್ಪಿ ದಪ್ಪ 1 ಸೆಂ.ಮೀ. ಹೆಚ್ಚಾದರೂ 1 ಘನ ಮೀಟರ್, ಅಂದರೆ 8 ಚೀಲ ಸಿಮೆಂಟು ಹೆಚ್ಚುವರಿ. ಹಾಗೆಂದು ಬಾಡಿಗೆ ಉಳಿಸಲು ಆಸರೆ ಕಂಬಗಳನ್ನು ಬೇಗ ಬಿಚ್ಚಿಸುವುದು ಬೇಡ. 7 ದಿನಕ್ಕೆ ಕಾಂಕ್ರೀಟಿಗೆ ಬರುವುದು 28 ದಿನದ ಬಲದ ಮೂರನೇ ಎರಡು ಭಾಗದಷ್ಟೇ.

ಈ ನಗದು ಕರಗಿಹೋಗುವುದು ಸೈಟು ಕೊಳ್ಳುವಾಗ. ಖಾಲಿ ಜಾಗಕ್ಕೆ ಸಾಲ ಕೊಡುವವರು ಬೆಲೆಯ ಕಡಿಮೆ ಪಾಲನ್ನೇ ಕೊಡುತ್ತಾರೆ, ಉಳಿದದ್ದು ಇಡಗಂಟಿನಿಂದ ಹೋಗುತ್ತದೆ. ಮನೆಯ ಸಾಲದಲ್ಲೂ ಅನೇಕ ಕಡೆ ಮಾಲೀಕರ ಪಾಲು ಮೊದಲು ಖರ್ಚಾಗಬೇಕು. ಮೂಲೆ ಸೈಟಿನ ಆಸೆ ಬಿಟ್ಟು ಚಿಕ್ಕದನ್ನು ಕೊಳ್ಳುವುದೇ ವಾಸಿ. ಬೆಲೆ ಮಾತಾಡುವ ಮೊದಲು, ಮಾರುವವರ ಒಪ್ಪಿಗೆ ಪಡೆದು ಗುಂಡಿ ತೋಡಿಸಿ ಗಟ್ಟಿ ಮಣ್ಣು ಎಷ್ಟು ಆಳಕ್ಕಿದೆ ಎಂದು ನೋಡಿ. 40 ಮೀಟರ್ ಉದ್ದ, 60 ಸೆಂ.ಮೀ. ಅಗಲದ ತಳಪಾಯ 30 ಸೆಂ.ಮೀ. ಹೆಚ್ಚು ಆಳಕ್ಕೆ ಇಳಿದರೆ 7.2 ಘನ ಮೀಟರ್ ಅಗೆತ, ಅಷ್ಟೇ ತುಂಬುವ ಕೆಲಸ. ಇಳಿಜಾರಾದರೆ ತಡೆಗೋಡೆ, ತಗ್ಗಾದರೆ ಮಣ್ಣು. ನೀರು, ವಿದ್ಯುತ್, ಒಳಚರಂಡಿ ಎಷ್ಟು ದೂರದಿಂದ ಬರಬೇಕು ಎಂಬುದನ್ನೂ ಅಳೆದು ಬೆಲೆಗೆ ಸೇರಿಸಿ ನೋಡಿದರೆ, ಅಗ್ಗದ ಸೈಟು ಬಹಳ ಸಲ ಅಗ್ಗವಾಗಿ ಉಳಿಯುವುದಿಲ್ಲ.

ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಹಂತಗಳ ಪಟ್ಟಿ ಕೇಳಿ ಪಡೆಯಿರಿ. ‘ಲಿಂಟಲ್ ಹಂತ’ ಎಂದರೆ ಒಳಗೋಡೆಗಳೂ ಸೇರಿವೆಯೇ, ಹಂತ ಮುಗಿದ ಪ್ರಮಾಣಪತ್ರಕ್ಕೆ ಯಾರ ಸಹಿ ನಡೆಯುತ್ತದೆ, ದೊಡ್ಡ ಹಂತವನ್ನು ಎರಡಾಗಿ ಒಡೆಯಬಹುದೇ? ಕಂತು ಹೆಚ್ಚಿದರೆ ತಪಾಸಣಾ ಶುಲ್ಕವೂ ಹೆಚ್ಚಬಹುದು, ಆದರೂ ಬಡ್ಡಿಗೆ ಕೈಸಾಲ ತರುವುದಕ್ಕಿಂತ ಅದು ಸಾಮಾನ್ಯವಾಗಿ ಕಡಿಮೆಯೇ. ಪಡೆದ ಮೊತ್ತಕ್ಕೆ ಬಡ್ಡಿ, ಈಗಿರುವ ಮನೆಗೆ ಬಾಡಿಗೆ ಎರಡೂ ಒಟ್ಟಿಗೆ ನಡೆಯುತ್ತವೆ; ಕೆಲಸ ತಡವಾದ ಪ್ರತಿ ತಿಂಗಳಿಗೂ ಅವೆರಡನ್ನೂ ಪಟ್ಟಿಗೆ ಸೇರಿಸಿ.

ಅನಿರೀಕ್ಷಿತಕ್ಕೆಂದು ಅಂದಾಜಿನ ಶೇ 10ರಿಂದ 15 ತೆಗೆದಿಡಿ, ತಳಪಾಯ ಮುಗಿಯುವವರೆಗೆ ಅದನ್ನು ಟೈಲ್ಸಿಗೆ ಮುರಿಯಬೇಡಿ. ಕಡೆಯ ಕಂತು ಮನೆ ವಾಸಯೋಗ್ಯವಾದ ಮೇಲೆಯೇ ಬರುವಂತಿದ್ದರೆ ಒಂದು ಶೌಚಾಲಯ, ಅಡುಗೆಮನೆಯ ಕಟ್ಟೆ, ಬಾಗಿಲು ಕಿಟಕಿ, ವೈರಿಂಗ್ ಮೊದಲು ಮುಗಿಸಿ. ಕಪಾಟು, ಕಾಂಪೌಂಡು, ಹೊರಗಿನ ಬಣ್ಣ ಆ ಕಂತಿನಲ್ಲಾಗಲಿ.