ಶೆಲ್ಯಾಕ್: ಮೂರು ಜನ, ಮಧ್ಯೆ ಬೇಕಾದಷ್ಟು ಜಾಗ

ನಾಯ್ಸ್ ರಾಕ್ ಅಂದ ತಕ್ಷಣ ತುಂಬಾ ಜನರಿಗೆ ನೆನಪಾಗೋದು ಒಂದೇ. ವಾಲ್ಯೂಮ್ ಪೂರ್ತಿ ಏರಿಸಿ, ಯಾರು ಏನು ನುಡಿಸುತ್ತಿದ್ದಾರೆ ಅಂತಾನೇ ಗೊತ್ತಾಗದ ಹಾಗೆ ಗದ್ದಲ ಎಬ್ಬಿಸೋದು. ಅಂಥ ಬ್ಯಾಂಡುಗಳೂ ಇವೆ, ಅವುಗಳಲ್ಲಿ ಕೆಲವು ನನಗೆ ಇಷ್ಟ ಕೂಡ. ಆದರೆ ಶಿಕಾಗೋದ ಶೆಲ್ಯಾಕ್ ಬೇರೆಯೇ ಜಾತಿ. ಇವರ ಹಾಡು ಕಿವಿಗೆ ಚುಚ್ಚುತ್ತದೆ, ನಿಜ. ಚುಚ್ಚಿದ್ದು ಯಾವುದು, ಯಾವಾಗ, ಎಷ್ಟು ಹೊತ್ತು ಅಂತ ಪ್ರತಿಯೊಂದೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಇವರು ಬಿಡುವ ಮೌನವೇ ಇವರ ಸದ್ದಿಗಿಂತ ಜಾಸ್ತಿ ಹೆದರಿಸುತ್ತದೆ ಅಂತ ನನ್ನ ಅಭಿಪ್ರಾಯ.

ಗಿಟಾರ್ ಸ್ಟೀವ್ ಆಲ್ಬಿನಿ, ಬಾಸ್ ಬಾಬ್ ವೆಸ್ಟನ್, ಡ್ರಮ್ಸ್ ಟಾಡ್ ಟ್ರೈನರ್. 1992ರಲ್ಲಿ ಶುರುವಾದ ಬ್ಯಾಂಡು. ಮೊದಲ ಆಲ್ಬಮ್ಮಿನಿಂದ ಕೊನೆಯದರವರೆಗೂ ಇದೇ ಮೂವರು. ನಾಲ್ಕನೆಯವನು ಬರಲಿಲ್ಲ, ಕೀಬೋರ್ಡ್ ಬರಲಿಲ್ಲ.

ಮೊದಲು ಗಿಟಾರ್ ವಿಷಯ. ಆಲ್ಬಿನಿ ನುಡಿಸುತ್ತಿದ್ದದ್ದು ಟ್ರಾವಿಸ್ ಬೀನ್ ಅನ್ನೋ ಕಂಪನಿಯ ಗಿಟಾರ್, 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಯಾರಾದದ್ದು. ಅದರ ಕತ್ತು ಮರದ್ದಲ್ಲ, ಅಲ್ಯೂಮಿನಿಯಂ. ಅದನ್ನು ಮೀಟೋಕೆ ಲೋಹದ ಪಿಕ್, ಅಂದರೆ ಬೆರಳಲ್ಲಿ ಹಿಡಿಯೋ ಚಪ್ಪಟೆ ತುಣುಕು. ಲೋಹದ ತಂತಿಗೆ ಲೋಹ ತಾಗಿದಾಗ ಸಾಣೆಕಲ್ಲಿಗೆ ಕತ್ತರಿ ಹಿಡಿದ ಹಾಗೆ ಒಂದು ಸದ್ದು ಬರುತ್ತದೆ, ಸ್ವರ ಆಮೇಲೆ ಬರುತ್ತದೆ. ಗಿಟಾರಿನ ಬೆಲ್ಟನ್ನು ಹೆಗಲಿಗೆ ಹಾಕಿಕೊಳ್ಳದೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಹಳೇ ವಿಡಿಯೋಗಳಲ್ಲಿ ನೋಡಿ, ತೆಳ್ಳಗಿನ ಮನುಷ್ಯ, ಕನ್ನಡಕ, ಸೊಂಟದಿಂದ ಮುಂದಕ್ಕೆ ಚಾಚಿಕೊಂಡ ಗಿಟಾರ್. ಸೋಲೋ ನುಡಿಸುವ ಆಸೆಯೇ ಇಲ್ಲ. ಒಂದು ಸಣ್ಣ ತುಣುಕು ಹಿಡಿದು ಅದನ್ನೇ ಕೆರೆಯುತ್ತಾನೆ, ನಿಲ್ಲಿಸುತ್ತಾನೆ, ಕಾಯುತ್ತಾನೆ, ಮತ್ತೆ ಕೆರೆಯುತ್ತಾನೆ.

ಹಾಗಾದ್ರೆ ರಾಗ ಎಲ್ಲಿದೆ? ವೆಸ್ಟನ್ ಹತ್ತಿರ ಇದೆ. ಹೆಚ್ಚಿನ ಹಾಡುಗಳಲ್ಲಿ ನೀವು ಗುನುಗೋ ಹಾಗಿರೋದು ಬಾಸ್ ಮಾತ್ರ. 1998ರ ‘ಟೆರಾಫಾರ್ಮ್’ ಆಲ್ಬಮ್ಮಿನ ಮೊದಲ ಹಾಡು ಹನ್ನೆರಡು ನಿಮಿಷ ಇದೆ. ಅಷ್ಟೂ ಹೊತ್ತು ಬಾಸ್ ಹೆಚ್ಚುಕಮ್ಮಿ ಒಂದೇ ಸುತ್ತು ಸುತ್ತುತ್ತಿರುತ್ತದೆ. ಆಲ್ಬಮ್ಮಿನ ಮೊದಲ ಹಾಡನ್ನೇ ಹೀಗೆ ಇಡೋಕೆ ಧೈರ್ಯ ಬೇಕು. ಐದನೇ ನಿಮಿಷಕ್ಕೆ ಬೇಸರ ಬರುತ್ತದೆ, ಎಂಟಕ್ಕೆ ಆ ಬೇಸರ ಹೋಗಿ ಸ್ನೇರ್ ಡ್ರಮ್ಮಿನ ಒಂದೊಂದು ಪೆಟ್ಟೂ ದೊಡ್ಡ ಘಟನೆ ಅನ್ನಿಸೋಕೆ ಶುರುವಾಗುತ್ತದೆ.

ಟ್ರೈನರ್ ಬಗ್ಗೆ ಜನ ಕಮ್ಮಿ ಬರೆಯುತ್ತಾರೆ. ನನಗೆ ಈ ಬ್ಯಾಂಡಿನ ಮುಖ ಅವನೇ. ಸಾಮಾನ್ಯವಾಗಿ ಡ್ರಮ್ಮರ್ ವೇದಿಕೆಯ ಹಿಂದೆ ಕೂತಿರುತ್ತಾನೆ, ಅಲ್ವಾ? ಶೆಲ್ಯಾಕ್‌ನಲ್ಲಿ ಡ್ರಮ್ ಸೆಟ್ ಮುಂದೆ, ನಟ್ಟನಡುವೆ ಇರುತ್ತಿತ್ತು. ಮೂವರೂ ಒಂದೇ ಸಾಲು. ಟ್ರೈನರ್ ಕೈಯನ್ನು ತಲೆಗಿಂತ ಮೇಲೆ ಎತ್ತಿ, ಅಲ್ಲೇ ಒಂದು ಕ್ಷಣ ಹಿಡಿದು, ಆಮೇಲೆ ಇಳಿಸುತ್ತಿದ್ದ. ಆ ಪೆಟ್ಟು ಬೀಳೋದಕ್ಕೆ ಮುಂಚೆ ಇಡೀ ಸಭೆ ಅವನ ಕೈ ನೋಡುತ್ತಿರುತ್ತಿತ್ತು. 2007ರ ಆಲ್ಬಮ್ಮಿಗೆ ‘ಎಕ್ಸಲೆಂಟ್ ಇಟಾಲಿಯನ್ ಗ್ರೇಹೌಂಡ್’ ಅಂತ ಹೆಸರು ಬಂದದ್ದು ಅವನ ನಾಯಿಯಿಂದ.

ಅದೇ ಆಲ್ಬಮ್ಮಿನ ಮೊದಲ ಹಾಡು ‘ದಿ ಎಂಡ್ ಆಫ್ ರೇಡಿಯೋ’. ಲೋಕದ ಕೊನೆಯ ರೇಡಿಯೋ ನಿರೂಪಕ ಮೈಕ್ ಮುಂದೆ ನಿಂತು ಮಾತಾಡುತ್ತಿದ್ದಾನೆ, ಕೇಳೋಕೆ ಯಾರೂ ಉಳಿದಿಲ್ಲ. ಬಾಸ್ ಒಂದು ಪುಟ್ಟ ತುಣುಕನ್ನು ಬಿಡದೆ ಬಾರಿಸುತ್ತದೆ, ಸ್ನೇರ್ ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ, ಆಲ್ಬಿನಿ ಹಾಡೋದೇ ಇಲ್ಲ, ಮಾತಾಡುತ್ತಾನೆ, ಕೂಗುತ್ತಾನೆ, ಮತ್ತೆ ಸುಮ್ಮನಾಗುತ್ತಾನೆ. ವೇದಿಕೆ ಮೇಲೆ ಈ ಮಾತು ಪ್ರತಿ ಸಲವೂ ಬದಲಾಗುತ್ತಿತ್ತು. ಇಷ್ಟು ಒಂಟಿತನ ಇರೋ ರಾಕ್ ಹಾಡು ನಾನು ಇನ್ನೊಂದು ಕೇಳಿಲ್ಲ.

ಹಾಗಂತ ಇವರು ಮುಖ ಗಂಟು ಹಾಕಿಕೊಂಡು ನಿಲ್ಲೋ ಪೈಕಿ ಅಲ್ಲ. ಗಿಟಾರ್ ಶ್ರುತಿ ಮಾಡಿಕೊಳ್ಳೋ ಹೊತ್ತಿನಲ್ಲಿ ವೆಸ್ಟನ್ ‘ಏನಾದ್ರೂ ಪ್ರಶ್ನೆ ಇದೆಯಾ’ ಅಂತ ಜನರನ್ನು ಕೇಳುತ್ತಿದ್ದ. ಜನ ಏನೇನೋ ಕೇಳುತ್ತಿದ್ದರು, ಇವರು ಉತ್ತರ ಕೊಡುತ್ತಿದ್ದರು. ಒಂದು ಹಾಡಿನ ಮಧ್ಯೆ ವೆಸ್ಟನ್ ಮತ್ತು ಆಲ್ಬಿನಿ ಕೈ ಚಾಚಿ ವಿಮಾನದ ಹಾಗೆ ವಾಲುತ್ತಿದ್ದರು. ಎಷ್ಟೋ ಸಲ ಕೊನೆಗೆ ಟ್ರೈನರ್ ಬಾರಿಸುತ್ತಿರುವಾಗಲೇ ಉಳಿದಿಬ್ಬರು ಅವನ ಡ್ರಮ್ ಸೆಟ್ಟನ್ನು ಒಂದೊಂದೇ ಬಿಚ್ಚಿ ಪಕ್ಕಕ್ಕಿಡುತ್ತಿದ್ದರು. ಸಿಂಬಲ್ ಹೋಯ್ತು, ಟಾಮ್ ಹೋಯ್ತು, ಕೊನೆಗೆ ಬಾರಿಸೋಕೆ ಏನೂ ಇಲ್ಲ. ಕಾರ್ಯಕ್ರಮ ಮುಗೀತು.

ತಮಗೆ ಸರಿ ಕಂಡ ಹಾಗೇ ಮಾಡೋ ಈ ಗುಣ ಇವರ ಕೆಲಸದಲ್ಲೂ ಇದೆ. ಆಲ್ಬಿನಿ, ವೆಸ್ಟನ್ ಇಬ್ಬರೂ ರೆಕಾರ್ಡಿಂಗ್ ಇಂಜಿನಿಯರ್‌ಗಳು. ನಿರ್ವಾಣ ಬ್ಯಾಂಡಿನ ‘ಇನ್ ಯೂಟೆರೋ’ ಆಲ್ಬಮ್ 1993ರಲ್ಲಿ ಬಂತಲ್ಲ, ಅದನ್ನು ರೆಕಾರ್ಡ್ ಮಾಡಿದ್ದು ಆಲ್ಬಿನಿ, ಜೊತೆಗೆ ಕೆಲಸ ಮಾಡಿದ್ದು ವೆಸ್ಟನ್. ರಾಯಲ್ಟಿ, ಅಂದರೆ ಮಾರಾಟದಲ್ಲಿ ಪಾಲು ಬೇಡ, ಪ್ಲಂಬರ್‌ಗೆ ಕೊಡೋ ಹಾಗೆ ಮಾಡಿದ ಕೆಲಸಕ್ಕೆ ದುಡ್ಡು ಕೊಡಿ ಸಾಕು ಅಂತ ಆಲ್ಬಿನಿ ಆ ಬ್ಯಾಂಡಿಗೆ ಮುಂಚೆಯೇ ಪತ್ರ ಬರೆದಿದ್ದ. ಎಷ್ಟು ದುಡ್ಡು ಬಿಟ್ಟುಕೊಟ್ಟ ಅಂತ ಯೋಚಿಸಿ! 1997ರಲ್ಲಿ ಶಿಕಾಗೋದಲ್ಲಿ ತನ್ನದೇ ಸ್ಟುಡಿಯೋ ಎಲೆಕ್ಟ್ರಿಕಲ್ ಆಡಿಯೋ ತೆರೆದ, ಗೋಡೆಗಳಿಗೆ ಸುಡದ ಮಣ್ಣಿನ ಇಟ್ಟಿಗೆ ಹಾಕಿಸಿದ. ಶೆಲ್ಯಾಕ್‌ನಿಂದ ಹೊಟ್ಟೆ ಹೊರೆಯಬೇಕಾದ ಗತಿ ಮೂವರಿಗೂ ಇರಲಿಲ್ಲ. ಹಾಗಾಗಿ 2000, 2007, 2014, 2024 ಅಂತ ಅವರಿಗೆ ತೋಚಿದಾಗ ಆಲ್ಬಮ್ ಬಂತು. ಆ ಸಂಗೀತದಲ್ಲಿ ಯಾರನ್ನೂ ಓಲೈಸುವ ದನಿ ಯಾಕಿಲ್ಲ ಅಂದರೆ ಅದಕ್ಕೇ.

ಒಂದು ಕಡೆ ನನಗೆ ಈಗಲೂ ಕಷ್ಟ ಆಗುತ್ತದೆ. ‘ಪ್ರೇಯರ್ ಟು ಗಾಡ್’ ಹಾಡಿನಲ್ಲಿ ಬಿಟ್ಟುಹೋದ ಹೆಂಗಸನ್ನೂ ಅವಳ ಜೊತೆಗಾರನನ್ನೂ ಕೊಂದುಬಿಡು ಅಂತ ಒಬ್ಬ ದೇವರಲ್ಲಿ ಬೇಡುತ್ತಾನೆ. ಅದು ಪಾತ್ರದ ಮಾತು, ಗೊತ್ತು. ಆ ಪಾತ್ರದ ಸಣ್ಣತನ ಬೆತ್ತಲಾಗಿ ಕಾಣುತ್ತದೆ, ಅದಕ್ಕೇ ಹಾಡು ಗೆಲ್ಲುತ್ತದೆ. ಆದರೆ ಇದಕ್ಕೂ ಮುಂಚೆ, ಎಂಬತ್ತರ ದಶಕದಲ್ಲಿ, ಆಲ್ಬಿನಿ ಸುಮ್ನೆ ಜನರನ್ನು ಕೆಣಕೋಕೆ ಅಂತಾನೇ ಹೇಳಿದ, ಬರೆದ ಮಾತುಗಳನ್ನೂ ಆಗಿನ ತನ್ನ ಬ್ಯಾಂಡಿಗೆ ಇಟ್ಟ ಹೆಸರನ್ನೂ ನಾನು ಸಮರ್ಥಿಸೋದಿಲ್ಲ. 2021ರಲ್ಲಿ ಅವನೇ ಟ್ವಿಟರ್‌ನಲ್ಲಿ ಅದೆಲ್ಲ ತಪ್ಪು, ಅದರ ಹೊಣೆ ನನ್ನದು ಅಂತ ನೆಪ ಹೇಳದೆ ಬರೆದ. ಆ ವಯಸ್ಸಿನಲ್ಲಿ, ಅಷ್ಟು ಹೆಸರು ಮಾಡಿದ ಮೇಲೆ ಹಾಗೆ ಬರೆದವರು ಎಷ್ಟು ಜನ ಇದ್ದಾರೆ? ನನಗೆ ಅವನ ಮೇಲೆ ಗೌರವ ಜಾಸ್ತಿಯಾದದ್ದು ಆಗಲೇ.

2024ರ ಮೇ 7ರಂದು ಆಲ್ಬಿನಿ ಹೃದಯಾಘಾತದಿಂದ ಹೋಗಿಬಿಟ್ಟ. ಇನ್ನೂ 61 ವರ್ಷ. ಹತ್ತು ದಿನಕ್ಕೆ, ಮೇ 17ಕ್ಕೆ, ‘ಟು ಆಲ್ ಟ್ರೇನ್ಸ್’ ಬಂತು. ಮೊದಲೇ ಗೊತ್ತಾಗಿದ್ದ ದಿನಾಂಕ ಅದು. ಅರ್ಧ ಗಂಟೆಯೂ ಇಲ್ಲದ ಆಲ್ಬಮ್, ಒಂದು ಚೂರೂ ಮೆತ್ತಗಾಗಿಲ್ಲ. ಬಾರ್ಸಿಲೋನಾದ ಪ್ರಿಮಾವೆರಾ ಸಂಗೀತ ಉತ್ಸವದಲ್ಲಿ ಇವರು ಹೆಚ್ಚುಕಮ್ಮಿ ವರ್ಷ ವರ್ಷ ನುಡಿಸುತ್ತಿದ್ದರು, ಆ ವರ್ಷ ಅಲ್ಲಿ ಒಂದು ವೇದಿಕೆಗೆ ಆಲ್ಬಿನಿಯ ಹೆಸರಿಟ್ಟರು.

ಹೊಸದಾಗಿ ಕೇಳೋರು 1994ರ ‘ಅಟ್ ಆ್ಯಕ್ಷನ್ ಪಾರ್ಕ್’ನಿಂದ ಶುರು ಮಾಡಿ. ಫೋನಿನ ಸ್ಪೀಕರಲ್ಲಿ ದಯವಿಟ್ಟು ಬೇಡ, ಬಾಸ್ ಪೂರ್ತಿ ಕಳೆದುಹೋಗುತ್ತದೆ, ಬಾಸ್ ಇಲ್ಲದೆ ಉಳಿಯೋದು ಬರೀ ಕೆರೆತ. ಒಳ್ಳೇ ಸ್ಪೀಕರ್ ಇಲ್ಲದಿದ್ದರೆ ಹೆಡ್‌ಫೋನ್ ಆದ್ರೂ ಸರಿ. ಮೊದಲ ಸಲ ಡ್ರಮ್ಸ್ ಒಂದನ್ನೇ ಹಿಡಿದು ಕೇಳಿ, ಗಿಟಾರ್ ತಾನಾಗೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.