ಬಾಲ್ಟಿಮೋರಿನಲ್ಲಿ ಕಂಬೈನ್ಡ್ ಸ್ಟಡಿ

ಧಾರವಾಡದಿಂದ ಸೋದರಮಾವ ಫೋನ್ ಮಾಡಿದ್ದರು. ಎಲ್ಲೋ ಓದಿಕೊಂಡು ಬಂದಿದ್ದಾರೆ. "ಏನವಾ, ಅಮೆರಿಕಾದಾಗೂ ಕಪ್ಪು ಮಂದಿಗೆ ರಿಸರ್ವೇಶನ್ ಐತಂತ, ಪಿಎಚ್‌ಡಿಗೂ?" ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ಬರೆದು ಕಳಿಸ್ತೀನಿ ಮಾವ ಅಂದೆ.

ನಾನು ಇಲ್ಲಿ ಒಂದು ಲ್ಯಾಬಿನಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡುವವಳು. ಕ್ಯಾನ್ಸರ್ ಜೀವಕೋಶಗಳ ಜೊತೆ ದಿನವಿಡೀ ಕೆಲಸ. ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಒಬ್ಬ ಕಪ್ಪು ಹುಡುಗಿ ಬಂದಳು, ಇನ್ನೂ ಡಿಗ್ರಿ ಎರಡನೇ ವರ್ಷ ಮುಗಿಸಿದವಳು. "ಮೇಯರ್‌ಹಾಫ್ ಸ್ಕಾಲರ್" ಎಂದು ಪರಿಚಯಿಸಿದರು. ನಾನು ಮನಸ್ಸಿನಲ್ಲೇ ಮಾವನ ಥರ ಲೆಕ್ಕ ಹಾಕಿದೆ: ಓಹೋ, ಕೋಟಾ. ಮೊದಲ ದಿನ ಪೂರ್ತಿ ಅವಳಿಂದ ದ್ರವ ಅಳೆಯುವ ಪಿಪೆಟ್ಟಿನ ಟಿಪ್ಪುಗಳ ಡಬ್ಬಿ ತುಂಬಿಸಿದೆ. ಸುಮ್ನೆ ತುಂಬಿದಳು. ಮಾರನೇ ದಿನ ನನ್ನ ನೋಟ್‌ಬುಕ್ ನೋಡುತ್ತಾ, "ಇಲ್ಲಿ ಸಾವಿರ ಪಟ್ಟು ತೆಳು ಮಾಡಬೇಕಲ್ವಾ? ನೂರು ಅಂತ ಬರೆದಿದ್ದೀರಿ" ಅಂದಳು. ಸರಿಯಾಗಿಯೇ ಹೇಳಿದ್ದಳು. ಒಂದು ವಾರದ ಪ್ರಯೋಗ ಯಾಕೆ ಕೆಡುತ್ತಿದೆ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ.

ಆಮೇಲೆ ಈ ಮೇಯರ್‌ಹಾಫ್ ಅಂದರೆ ಏನು ಅಂತ ತಿಳಿದುಕೊಂಡೆ. ಬಾಲ್ಟಿಮೋರ್ ಪಕ್ಕದಲ್ಲೇ ಯುಎಂಬಿಸಿ ಎಂಬ ಸರ್ಕಾರಿ ವಿಶ್ವವಿದ್ಯಾಲಯ ಇದೆ. 1988ರಲ್ಲಿ ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ದಂಪತಿ ಕೊಟ್ಟ ದುಡ್ಡಿನಲ್ಲಿ ಫ್ರೀಮನ್ ರಬೌಸ್ಕಿ ಎಂಬ ಗಣಿತದ ಮೇಷ್ಟ್ರು ಇದನ್ನು ಶುರು ಮಾಡಿದರು. 1963ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಕಪ್ಪು ಜನರ ಸಮಾನ ಹಕ್ಕಿಗಾಗಿ ನಡೆದ ಮಕ್ಕಳ ಮೆರವಣಿಗೆಗೆ ಹೋಗಿ, 12ನೇ ವಯಸ್ಸಿಗೇ ಐದು ದಿನ ಜೈಲು ಕಂಡವರು ಇವರು. ಮೊದಲ ಬ್ಯಾಚಿನಲ್ಲಿ 19 ಕಪ್ಪು ಹುಡುಗರು. ಮರುವರ್ಷ ಹುಡುಗಿಯರು. 1996ರಿಂದ ಯಾವ ಬಣ್ಣದವರಾದರೂ ಸೇರಬಹುದು.

ದುಡ್ಡು ಕೊಡುತ್ತಾರೆ, ನಿಜ. ಆದರೆ ನನಗೆ ಆಶ್ಚರ್ಯವಾದದ್ದು ಬೇರೆ. ಕಾಲೇಜು ಶುರುವಾಗುವ ಮುಂಚೆಯೇ ಆರು ವಾರ ಎಲ್ಲರನ್ನೂ ಒಟ್ಟಿಗೆ ಇಟ್ಟು ಗಣಿತ, ವಿಜ್ಞಾನ ಓದಿಸುತ್ತಾರೆ. ಒಬ್ಬನಿಗೇ ಅರ್ಥವಾದರೆ ಸಾಲದು, ಪಕ್ಕದವನಿಗೂ ಆಗಬೇಕು. ನನ್ನ ಲ್ಯಾಬಿನ ಹುಡುಗಿ ಇದನ್ನೆಲ್ಲ ವಿವರಿಸುತ್ತಿದ್ದಾಗ ನಗು ಬಂತು. ಇದು ನಮ್ಮ ಕಂಬೈನ್ಡ್ ಸ್ಟಡಿ! ಹಾಸ್ಟೆಲಿನಲ್ಲಿ ರಾತ್ರಿ ಒಂದು ಗಂಟೆಗೆ ಚುರುಮುರಿ ತಿನ್ನುತ್ತಾ ಆರ್ಗ್ಯಾನಿಕ್ ಕೆಮಿಸ್ಟ್ರಿ ಬಾಯಿಪಾಠ ಒಪ್ಪಿಸಿದ್ದು. ಅವ್ವ ಅದನ್ನು ಹರಟೆ ಅನ್ನುತ್ತಿದ್ದಳು.

ಇದರ ಹಿಂದೆ ಒಂದು ಕತೆಯೂ ಇದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ, ಕಪ್ಪು ಹುಡುಗರು ಕ್ಯಾಲ್ಕುಲಸ್‌ನಲ್ಲಿ ಯಾಕೆ ಹಿಂದೆ ಬೀಳುತ್ತಾರೆ ಎಂದು ಅವರ ಬೆನ್ನು ಬಿದ್ದು ನೋಡಿದರು. ಸೋಮಾರಿತನ ಅಲ್ಲ. ಚೀನೀ ಮೂಲದ ಹುಡುಗರು ಗುಂಪಾಗಿ ಕೂತು ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದುತ್ತಿದ್ದರು. ಕಪ್ಪು ಹುಡುಗರು ಕೋಣೆ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಒದ್ದಾಡುತ್ತಿದ್ದರು. ಅಷ್ಟೇ.

ಫಲ? ಮೇಯರ್‌ಹಾಫ್ ಸೀಟು ಸಿಕ್ಕಿಯೂ ಬೇಡವೆಂದು ಬೇರೆ ಕಾಲೇಜಿಗೆ ಹೋದವರ ಜೊತೆ ಹೋಲಿಸಿದರೆ, ಇಲ್ಲಿ ಸೇರಿದವರು ಪಿಎಚ್‌ಡಿಗೆ ಹೋಗುವುದು ಸುಮಾರು ಐದು ಪಟ್ಟು ಜಾಸ್ತಿ. ಮಾವ, ನಾನು ಇಲ್ಲಿ ಕೋವಿಡ್‌ಗೆ ಮಾಡರ್ನಾ ಲಸಿಕೆ ಹಾಕಿಸಿಕೊಂಡೆ ಅಂದಿದ್ದೆನಲ್ಲ, ಅದನ್ನು ರೂಪಿಸಿದ ತಂಡದ ವಿಜ್ಞಾನಿ ಕಿಜ್ಮೀಕಿಯಾ ಕಾರ್ಬೆಟ್ ಇದೇ ಸ್ಕೀಮಿನಲ್ಲಿ ಓದಿದವರು.

ಒಂದು ಸಂಜೆ ಇನ್‌ಕ್ಯುಬೇಟರ್ ತೆಗೆದು ಹೀಲಾ ಕೋಶಗಳ ಫ್ಲಾಸ್ಕ್ ಕೊಟ್ಟೆ. ಅವಳು ತಕ್ಷಣ ಇಸಿದುಕೊಳ್ಳಲಿಲ್ಲ. ಹೀಲಾ ಅನ್ನುವುದು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಂಗಸಿನ ಹೆಸರಿನ ಮೊದಲಕ್ಷರಗಳು; ಈ ಊರಿನ ಪಕ್ಕದಲ್ಲೇ ಬದುಕಿದವಳು ಅವಳು. 1951ರಲ್ಲಿ ಇಲ್ಲಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬಂದಿದ್ದ ಅವಳನ್ನು ಒಂದು ಮಾತೂ ಕೇಳದೆ ತೆಗೆದ ಕೋಶಗಳು ಇವು. "ಕತ್ತಲಾದ ಮೇಲೆ ಆಸ್ಪತ್ರೆ ಕಡೆ ಹೋಗಬೇಡಿ, ಹಿಡಿದುಕೊಂಡು ಹೋಗಿ ಕೊಯ್ಯುತ್ತಾರೆ ಅಂತ ನಮ್ಮಜ್ಜಿ ಹೆದರಿಸುತ್ತಿದ್ದಳು" ಅಂದಳು. ಆಮೇಲೆ ಕೈಗವಸು ಬದಲಿಸಿ ಫ್ಲಾಸ್ಕ್ ತಗೊಂಡಳು. ನಾನು ಎಷ್ಟೋ ವರ್ಷದಿಂದ ಆ ಹೆಸರನ್ನು ಡಬ್ಬಿ ಮೇಲಿನ ಲೇಬಲ್ ಅಂತಲೇ ಓದಿಕೊಂಡು ಬಂದಿದ್ದೆ.

"ನಿಮಗೂ ಅದರಾಗ ಏನಾರ ಸಿಗತದೇನು?" ಅಂತ ಕೇಳೇ ಕೇಳ್ತೀರಿ ಮಾವ. ಇಲ್ಲ. ಜೀವವಿಜ್ಞಾನದ ಲ್ಯಾಬುಗಳಲ್ಲಿ ನಮ್ಮವರಿಗೇನೂ ಕೊರತೆ ಇಲ್ಲ, ಹಾಗಾಗಿ ಆ ಲೆಕ್ಕಕ್ಕೆ ನಾವು ಬರುವುದಿಲ್ಲ. ಕಪ್ಪು ಹುಡುಗರ ಕಷ್ಟ ಪಿಎಚ್‌ಡಿ ಆದ ಮೇಲೂ ಮುಗಿಯುವುದಿಲ್ಲ. 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಓದು, ಅನುಭವ, ಪ್ರಕಟಣೆ ಎಲ್ಲ ಸರಿದೂಗಿಸಿ ನೋಡಿದರೂ ಕಪ್ಪು ವಿಜ್ಞಾನಿಗಳಿಗೆ ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ನ ಸಂಶೋಧನಾ ಹಣ ಸಿಗುವ ಅವಕಾಶ ಬಿಳಿಯರಿಗಿಂತ 10 ಶೇಕಡಾ ಅಂಶ ಕಡಿಮೆ ಇತ್ತು.

ಎನ್‌ಐಎಚ್‌ನದೇ ಮಾರ್ಕ್ ಎಂಬ ಯೋಜನೆಯೂ ಇತ್ತು. ವಿಜ್ಞಾನದಲ್ಲಿ ಕಡಿಮೆ ಕಾಣುವ ಸಮುದಾಯಗಳ ಹುಡುಗರಿಗೆ ಡಿಗ್ರಿಯ ಕೊನೆಯ ಎರಡು ವರ್ಷ ಸ್ಟೈಪೆಂಡ್ ಕೊಡುತ್ತಿತ್ತು. ಸಂಜೆ ಪಿಜ್ಜಾ ಅಂಗಡಿಯಲ್ಲಿ ದುಡಿಯುವ ಬದಲು ಹುಡುಗರು ಲ್ಯಾಬಿಗೆ ಬರುತ್ತಿದ್ದರು. 2025ರಲ್ಲಿ ಅದನ್ನೂ, ಅಂಥ ಇನ್ನೂ ಕೆಲವನ್ನೂ ನಿಲ್ಲಿಸಿದರು.

ನನ್ನ ಹುಡುಗಿ ಈಗ ಪಿಎಚ್‌ಡಿ ಸೇರುವ ತಯಾರಿಯಲ್ಲಿದ್ದಾಳೆ. ಈ ಬೇಸಿಗೆ ಪಕ್ಕದ ಬೆಂಚಿಗೆ ಯಾರೂ ಬಂದಿಲ್ಲ. ಟಿಪ್ ಡಬ್ಬಿ ನಾನೇ ತುಂಬಿಕೊಳ್ಳುತ್ತಿದ್ದೇನೆ.